ಬಿಡುಗಡೆಯ ದಿನಗಳು

ಓದತಕ್ಕ ಭಾಗ: ಅಪೊಸ್ತಲರ ಕೃತ್ಯಗಳು 8: 26-40, ಫಿಲೆಮೋನನಿಗೆ ಬರೆದ ಪತ್ರಿಕೆ

ನಮ್ಮ ಮಾಸೂರಿನ ಕಡೆಯ ವೃದ್ಧರು ವರುಷಗಳನ್ನು ಅಂಕೆಯಿಂದ ಎಣಿಸುವದು ಕಡಿಮೆ. ಮದಗದ ಕೆರೆಯು ಕೋಡಿ ಬಿದ್ದ ವರುಷ, ಬರ ಬಂದ ವರುಷ ಎಂದು ಹೇಳಿ ಮಗುವಿನ ಹುಟ್ಟನ್ನೂ ಹಿರಿಯರ ಮರಣವನ್ನೂ ಗುರುತಿಸುವರು. ಅಮೇರಿಕದ ಕರಿಯ ಜನರಾದರೋ ತಮ್ಮ ಪೂರ್ವಜರ ದಾಸ್ಯವನ್ನೂ ಬಿಡುಗಡೆಯನ್ನೂ ತಾರೀಖಿನ ಮೇಲೆ ತಾರೀಖಾಗಿ ಸ್ಮರಿಸುವದನ್ನು ರೂಢಿ ಮಾಡಿಕೊಂಡಿದ್ದಾರೆ. ದಾಸರಾಗಿದ್ದ ತಂದೆತಾಯಿಗಳ ಮಗನಾದ ಕಾರ್ಟರ್ ವುಡ್ಸನ್ ಎಂಬ ವಿದ್ವಾಂಸರು 1926ರ ಫೆಬ್ರವರಿಯಲ್ಲಿ ಇದಕ್ಕಾಗಿ ಒಂದು ವಾರವನ್ನು ನೇಮಿಸಿದರು; ಈಗ ಆ ತಿಂಗಳೆಲ್ಲವೂ ಸ್ಮರಣೆಗೆ ಸಲ್ಲುತ್ತದೆ. ಅಂಥ ದಿನಗಳು ನಮ್ಮ ನೆರೆಯಲ್ಲಿಯೂ ಉಂಟೋ ಎಂದು ಈ ಪಾಠದಲ್ಲಿ ವಿಚಾರಿಸೋಣ.

ಹಾನಗಲ್ಲಿನಿಂದ ಪಡುವಣಕ್ಕೆ ಹೋದರೆ ಮುಂಡಗೋಡ. ಅಲ್ಲಿಂದ ಯಲ್ಲಾಪುರ, ಹಳಿಯಾಳ, ಅಂಕೋಲೆಯ ಅಡವಿಗಳ ವರೆಗೆ ಸಿದ್ದಿಗಳ ವಸತಿಗಳಿವೆ. ಧಾರವಾಡ ಜಿಲ್ಲೆಯ ಕಲಘಟಗಿಯಲ್ಲಿಯೂ ಬೆಳಗಾವಿಯ ಖಾನಾಪುರದಲ್ಲಿಯೂ ಅವರಿದ್ದಾರೆ. ಅವರ ಪೂರ್ವಜರು ಆಫ್ರಿಕ ಖಂಡದವರು. ಪೋರ್ಚುಗೀಸರು ಮೊಜಾಂಬಿಕದ ತೀರದಿಂದ ಅನೇಕರನ್ನು ಗೋವೆಗೆ ತಂದು ಮಾರಿದರು. ಅವರಲ್ಲಿ ಕೆಲವರು ತಪ್ಪಿಸಿಕೊಂಡು ಘಟ್ಟ ಹತ್ತಿದರು. ಇಂದು ಸಿದ್ದಿಗಳಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಮಾರಿದವರೂ ಕೊಂಡವರೂ ಕ್ರಿಸ್ತನ ಹೆಸರನ್ನು ಧರಿಸಿದವರೇ ಎಂಬದನ್ನು ನಾವು ಮರೆಮಾಡಬಾರದು. ಪೋರ್ಚುಗಲ್ ತನ್ನ ರಾಜ್ಯಗಳಲ್ಲೆಲ್ಲಾ ದಾಸ್ಯವನ್ನು ರದ್ದುಪಡಿಸಿದ್ದು 1869ನೆಯ ಇಸವಿಯ ಫೆಬ್ರವರಿ 25ರಂದು. ಅಷ್ಟರೊಳಗೆ ಅಡವಿ ಸೇರಿದವರು ತಮ್ಮ ಬಿಡುಗಡೆಯನ್ನು ತಾವೇ ಮಾಡಿಕೊಂಡಿದ್ದರು. ಆ ದಿನವನ್ನು ಬರೆದಿಟ್ಟವರು ಯಾರೂ ಇಲ್ಲ.

ಬರೆದಿಟ್ಟ ದಿನಗಳನ್ನು ನೋಡುವಾಗ ಒಂದು ಸಂಗತಿಯು ಮತ್ತೆ ಮತ್ತೆ ಕಾಣುತ್ತದೆ. ಬಿಡುಗಡೆಗೆ ಒಂದೇ ತಾರೀಖಲ್ಲ, ಎರಡು. ಕಾಗದದಲ್ಲಿ ಬರೆದದ್ದು ಒಂದು, ಮನುಷ್ಯನ ಕೈಗೆ ಸಿಕ್ಕಿದ್ದು ಇನ್ನೊಂದು. ಆಂಗ್ಲರ ಸಾಮ್ರಾಜ್ಯದಲ್ಲಿ ದಾಸ್ಯವು ಮುಗಿಯಿತೆಂದು ಸಾರಿದ್ದು 1834ನೆಯ ಆಗಸ್ಟ್ 1ರಂದು. ಆದರೂ ಹೊಲಗಳಲ್ಲಿ ದುಡಿಯುವವರು ಕೆಲಸ ಕಲಿಯುವವರೆಂಬ ಹೆಸರಿನಲ್ಲಿ ಅದೇ ಒಡೆಯರ ಕೆಳಗೆ 1838ರ ವರೆಗೆ ಇರಬೇಕಾಯಿತು. ಒಡೆಯರಿಗೆ ಪರಿಹಾರವಾಗಿ ಎರಡು ಕೋಟಿ ಪೌಂಡು ನಿಗದಿಯಾಯಿತು. ದುಡಿದವರಿಗೆ ಒಂದು ಕಾಸೂ ಇಲ್ಲ. ಅಮೇರಿಕದಲ್ಲಿ ಅಧ್ಯಕ್ಷ ಲಿಂಕನ್ನರ ಘೋಷಣೆಯು 1863ನೆಯ ಜನವರಿ 1ರದು. ಟೆಕ್ಸಸಿನ ಗಾಲ್ವೆಸ್ಟನ್ ಪಟ್ಟಣದಲ್ಲಿ ಸೈನ್ಯಾಧಿಕಾರಿಯು ಅದನ್ನು ಜಾರಿ ಮಾಡಿ ಸಾರಿದ್ದು 1865ನೆಯ ಜೂನ್ 19ರಂದು. ಆ ಜನರು ಹಬ್ಬವಾಗಿ ಆಚರಿಸುವದು ಈ ಎರಡನೆಯ ದಿನವನ್ನೇ.

ನಮ್ಮ ದೇಶದ ಮಾತೇನು? 1834ರ ಆ ಕಾನೂನು ಈಸ್ಟ್ ಇಂಡಿಯಾ ಕಂಪನಿಯ ಸೀಮೆಗೆ ಅನ್ವಯಿಸಲಿಲ್ಲ. ಆದಕಾರಣ ನಮ್ಮ ಧಾರವಾಡ ಪ್ರಾಂತವೂ ಹೊರಗುಳಿಯಿತು. ಮಂಗಳೂರಿನಲ್ಲಿ ಮೊದಲ ಕನ್ನಡ ವೃತ್ತಪತ್ರಿಕೆಯು ಹೊರಟ 1843ನೆಯ ಇಸವಿಯಲ್ಲಿಯೇ, ಏಪ್ರಿಲ್ 7ರಂದು, ಐದನೆಯ ಕಾಯಿದೆಯು ಆಯಿತು. ಇನ್ನು ಮೇಲೆ ದಾಸನೆಂಬ ಕಾರಣದಿಂದ ಯಾರನ್ನೂ ಸರಕಾರದ ಅಧಿಕಾರಿಯು ಹರಾಜು ಮಾಡಕೂಡದು. ಇವನು ನನ್ನ ಸೊತ್ತೆಂದು ಒಡೆಯನು ಹೇಳಿದರೆ ನ್ಯಾಯಸ್ಥಾನವು ಕೇಳಕೂಡದು. ದಾಸನು ಸಂಪಾದಿಸಿದ್ದನ್ನು ಕಸಿಯಕೂಡದು. ಇಷ್ಟಾದರೂ ದಾಸನನ್ನು ಇಟ್ಟುಕೊಂಡವನಿಗೆ ದಂಡನೆಯನ್ನು ಆ ಕಾಯಿದೆಯು ವಿಧಿಸಲಿಲ್ಲ. ಮನುಷ್ಯರನ್ನು ಕೊಂಡು ಮಾರುವದನ್ನು ಅಪರಾಧವೆಂದೆಣಿಸಿದ ದಂಡಸಂಹಿತೆಯು 1862ರಲ್ಲಿ ಜಾರಿಗೆ ಬಂತು.

ಪೌಲನು ಫಿಲೆಮೋನನಿಗೆ ಬರೆದ ಪತ್ರಿಕೆಯನ್ನು ಇಲ್ಲಿ ಓದಿರಿ. ಓಡಿಹೋಗಿದ್ದ ಒನೇಸಿಮನನ್ನು ಅವನು ಒಡೆಯನ ಬಳಿಗೆ ಕಳುಹಿಸುತ್ತಾನೆ. ಕಾಯಿದೆಯ ಮಾತನ್ನೆತ್ತದೆ, ದಾಸನನ್ನು ಸಹೋದರನಂತೆ ಸೇರಿಸಿಕೋ ಎಂದು ಬೇಡಿಕೊಳ್ಳುತ್ತಾನೆ. ಫಿಲೆಮೋನನು ಏನು ಮಾಡಿದನೋ ಶಾಸ್ತ್ರವು ಹೇಳುವದಿಲ್ಲ.

ಸಮುದ್ರದಲ್ಲಿ ಆಂಗ್ಲರ ನೌಕೆಗಳು ಹಿಡಿದ ದಾಸಹಡಗುಗಳಿಂದ ಬಿಡಿಸಲ್ಪಟ್ಟ ಆಫ್ರಿಕದ ಮಕ್ಕಳಲ್ಲಿ ಕೆಲವರನ್ನು ಮುಂಬಯಿಗೆ ತಂದು, ನಾಸಿಕದ ಬಳಿಯ ಶರಣಪುರದ ಮಿಶನ್ನಿಗೆ ಒಪ್ಪಿಸಿದರು. ಅಲ್ಲಿ ಅಕ್ಷರವನ್ನೂ ಕೈಗೆಲಸವನ್ನೂ ಕಲಿತವರಲ್ಲಿ ಜೇಕಬ್ ವೈನ್‌ರೈಟ್ ಒಬ್ಬನು. ಡಾಕ್ಟರ್ ಲಿವಿಂಗ್‌ಸ್ಟನ್ನರು 1873ರಲ್ಲಿ ಆಫ್ರಿಕದ ಒಳನಾಡಿನಲ್ಲಿ ತೀರಿಹೋದಾಗ ಸೇವಕರು ಅವರ ಹೃದಯವನ್ನು ಒಂದು ಮರದ ಬುಡದಲ್ಲಿ ಹೂಳಿದರು. ಆಗ ಸಮಾಧಿಯ ಪ್ರಾರ್ಥನೆಯನ್ನು ಓದಿದವನು ಈ ಜೇಕಬನೇ. ಬಳಿಕ ಚೂಮ, ಸೂಸಿ ಮೊದಲಾದವರ ಸಂಗಡ ದೇಹವನ್ನು ಸಾವಿರ ಮೈಲಿಗೂ ಹೆಚ್ಚು ದೂರ ಹೊತ್ತು ಸಮುದ್ರತೀರಕ್ಕೆ ತಂದರು. 1874ನೆಯ ಏಪ್ರಿಲ್ 18ರಂದು ಲಂಡನ್ನಿನಲ್ಲಿ ಹೆಣಪೆಟ್ಟಿಗೆಯ ಬಳಿ ನಡೆದವರಲ್ಲಿ ಅವನೂ ಇದ್ದನು. ಲಿವಿಂಗ್‌ಸ್ಟನ್ನರ ಕಥೆಯನ್ನು ನಮ್ಮ ಆದಿತ್ಯವಾರದ ಶಾಲೆಗಳಲ್ಲಿ ಎಷ್ಟೋ ಸಾರಿ ಹೇಳಿದ್ದೇವೆ. ನಾಸಿಕದ ಹುಡುಗನ ಹೆಸರನ್ನು ಎಷ್ಟು ಸಾರಿ ಹೇಳಿದ್ದೇವೆ?

1959ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಬೋಧಕರು ಭಾರತಕ್ಕೆ ಬಂದರು. ಕೇರಳದ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ಅವರನ್ನು ಅಮೇರಿಕದ ಅಸ್ಪೃಶ್ಯರೆಂದು ಮಕ್ಕಳಿಗೆ ಪರಿಚಯಿಸಿದರಂತೆ. ಮೊದಲು ಅವರಿಗೆ ಬೇಸರವಾಯಿತು. ಆಲೋಚಿಸಿದ ಮೇಲೆ ಆ ಮಾತು ನಿಜವೆಂದು ತೋರಿತು ಎಂದು ತಮ್ಮ ಸಭೆಯವರಿಗೆ ಅವರೇ ತಿಳಿಸಿದರು. ಬೇರೆ ಲೋಟದಲ್ಲಿ ಚಹಾ ಕುಡಿದ ಹಿರಿಯರ ಮಕ್ಕಳು ನಮ್ಮ ಸಭೆಗಳಲ್ಲಿ ಅನೇಕರಿದ್ದಾರೆ. ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಸಂತೆಗೆ ಬಂದ ಸಿದ್ದಿ ಹೆಂಗಸಿನ ಗುಂಗುರು ಕೂದಲನ್ನು ನೋಡಿ ನಮ್ಮ ಮಕ್ಕಳು ನಗುವಾಗ, ಕನ್ನಡದಲ್ಲಿ ಮಾತಾಡುವ ಆಕೆಯನ್ನು ಯಾವ ದೇಶದವಳೆಂದು ದೊಡ್ಡವರು ಕೇಳುವಾಗ, ನಾವು ಸುಮ್ಮನಿದ್ದೇವೆ.

ಸಿದ್ದಿಗಳಿಗೂ ಎರಡು ತಾರೀಖುಗಳು ಉಂಟು. 2003ನೆಯ ಇಸವಿಯ ಜನವರಿ 8ರಂದು ಸರಕಾರವು ಅವರನ್ನು ಪರಿಶಿಷ್ಟ ಪಂಗಡವೆಂದು ಎಣಿಸಿತು. ಆದರೆ ಉತ್ತರ ಕನ್ನಡ ಜಿಲ್ಲೆಯೊಳಗೆ ಮಾತ್ರ. ಯಲ್ಲಾಪುರದ ಅಕ್ಕನಿಗೆ ಸಿಕ್ಕಿದ ಪ್ರಮಾಣಪತ್ರವು ಕಲಘಟಗಿಗೆ ಮದುವೆಯಾಗಿ ಹೋದ ತಂಗಿಯ ಮಕ್ಕಳಿಗೆ ಸಿಕ್ಕಲಿಲ್ಲ. ಜಿಲ್ಲೆಯ ಗಡಿಕಲ್ಲು ಅಡ್ಡ ಬಂತು. ಧಾರವಾಡ, ಬೆಳಗಾವಿಗಳ ಸಿದ್ದಿಗಳನ್ನು ಪಟ್ಟಿಗೆ ಸೇರಿಸುವ ಕಾಯಿದೆಯು 2020ರಲ್ಲಿ ಆಯಿತು. ಹದಿನೇಳು ವರುಷಗಳಲ್ಲಿ ಒಂದು ಮಗುವು ಹುಟ್ಟಿ, ಶಾಲೆಯನ್ನು ಮುಗಿಸಿ, ಇಲ್ಲವೆ ನಡುವೆಯೇ ಬಿಟ್ಟು ಕೂಲಿಗೆ ಹೋಗುವಷ್ಟು ಕಾಲ ಸಂದಿತ್ತು. ಅದೇ 2020ರ ಜುಲೈಯಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣ ಹೊಂದಿದರು. ಅವರ ಜನರಲ್ಲಿ ಆ ಸ್ಥಾನವನ್ನೇರಿದವರಲ್ಲಿ ಅವರೇ ಮೊದಲಿಗರು.

ಕಂದಾಕೆ ರಾಣಿಯ ಕಂಚುಕಿಯು ರಥದಲ್ಲಿ ಕುಳಿತು ಓದುತ್ತಿದ್ದಾಗ ಫಿಲಿಪ್ಪನು ಓಡುತ್ತಾ ಹತ್ತಿರಕ್ಕೆ ಹೋದನು; ಕಂಚುಕಿಯು ಅವನನ್ನು ತನ್ನ ಬಳಿಯಲ್ಲಿ ಕುಳ್ಳಿರಿಸಿಕೊಂಡನು. ಪೌಲನು ಯುರೋಪಕ್ಕೆ ಕಾಲಿಡುವ ಮೊದಲೇ ಆಫ್ರಿಕದ ಈ ಮನುಷ್ಯನು ದೀಕ್ಷಾಸ್ನಾನ ಹೊಂದಿ ಸಂತೋಷದಿಂದ ತನ್ನ ದಾರಿ ಹಿಡಿದನು. ದೀಕ್ಷಾಸ್ನಾನಕ್ಕೆ ಅಡ್ಡಿ ಏನೆಂದು ಕೇಳಿದವನು ಅವನೇ ಎಂಬದನ್ನು ಗಮನಿಸಿರಿ.

ಉಪದೇಶಿಗಳು ಪಾಠದ ಕೊನೆಯಲ್ಲಿ ಮಕ್ಕಳಿಗೆ ಈ ಪ್ರಶ್ನೆಗಳನ್ನು ಹಾಕಬಹುದು. ಐದನೆಯ ಕಾಯಿದೆಯು ಏನನ್ನು ನಿಲ್ಲಿಸಿತು, ಏನನ್ನು ನಿಲ್ಲಿಸಲಿಲ್ಲ? ಜೇಕಬ್ ವೈನ್‌ರೈಟನು ಓದುಬರಹವನ್ನು ಎಲ್ಲಿ ಕಲಿತನು? ನಮ್ಮ ಊರಿನಿಂದ ಮುಂಡಗೋಡಕ್ಕೆ ಎಷ್ಟು ಮೈಲಿ, ಮತ್ತು ನಮ್ಮ ಸಭೆಯವರಲ್ಲಿ ಅಲ್ಲಿಯ ಸಿದ್ದಿಗಳ ಮನೆಯಲ್ಲಿ ಉಂಡವರು ಯಾರು?