ಹಸುಳೆಯ ಕುತ್ತಿಗೆಗೆ ಬಲ ಬರಲಿ

ಬಾಣಂತಿಯ ಮನೆಗೆ ಮಗು ನೋಡಲು ಬಂದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದಿದೆ: "ಮಗುವಿನ ಕುತ್ತಿಗೆ ಗಟ್ಟಿಯಾಯಿತೇ?" ಈ ಪ್ರಶ್ನೆಯಲ್ಲಿ ನಮ್ಮ ಹಿರಿಯರ ಅನುಭವ ಅಡಗಿದೆ. ಮಗುವಿನ ಬೆಳವಣಿಗೆ ಸರಿಯಾಗಿದೆಯೇ ಎಂದು ತಿಳಿಯಲು ಕುತ್ತಿಗೆಯೇ ಮೊದಲ ಗುರುತು. ಆದರೆ ಕುತ್ತಿಗೆಗೆ ಬಲ ಬರಲು ನಾವು ಏನು ಮಾಡಬೇಕು ಎಂಬುದನ್ನು ಮಾತ್ರ ಹೆಚ್ಚಿನವರು ಯೋಚಿಸುವುದಿಲ್ಲ.

ಕುತ್ತಿಗೆಯೇ ಏಕೆ ಮೊದಲು?

ಹುಟ್ಟಿದ ಮಗುವಿನ ತಲೆ ಅದರ ದೇಹದ ಒಟ್ಟು ಉದ್ದದ ಸುಮಾರು ನಾಲ್ಕನೆಯ ಒಂದು ಪಾಲು. ಇಷ್ಟು ಭಾರದ ತಲೆಯನ್ನು ಎತ್ತಿ ಹಿಡಿಯುವ ಶಕ್ತಿ ಎಳೆಯ ಸ್ನಾಯುಗಳಿಗೆ ಇರುವುದಿಲ್ಲ. ಮಗುವಿನ ದೇಹದ ಹತೋಟಿ ಮೇಲಿನಿಂದ ಕೆಳಗೆ ಬರುತ್ತದೆ: ಮೊದಲು ಕುತ್ತಿಗೆ, ಮತ್ತೆ ಹೆಗಲು ಮತ್ತು ಬೆನ್ನು, ಆಮೇಲೆ ಸೊಂಟ, ಕೊನೆಗೆ ಕಾಲು. ಕುತ್ತಿಗೆ ನಿಲ್ಲದೆ ಮಗು ಕುಳಿತುಕೊಳ್ಳಲಾರದು, ಕುಳಿತುಕೊಳ್ಳದೆ ನಡೆಯಲಾರದು.

ಮಗು ಎಚ್ಚರವಾಗಿರುವಾಗ ಅದನ್ನು ಸ್ವಲ್ಪ ಹೊತ್ತು ಕವುಚಿ, ಅಂದರೆ ಹೊಟ್ಟೆಯ ಮೇಲೆ, ಮಲಗಿಸುವುದೇ ಇದಕ್ಕೆ ಸುಲಭವಾದ ವ್ಯಾಯಾಮ. ಆಗ ಮಗು ಸುತ್ತ ನೋಡಲೆಂದು ತಾನಾಗಿ ತಲೆ ಎತ್ತಲು ಹೆಣಗುತ್ತದೆ. ಆ ಹೆಣಗಾಟವೇ ಬಲ ತರುತ್ತದೆ. ಇದು ನಮಗೆ ತೀರಾ ಹೊಸತಲ್ಲ. ಅಡಿಕೆ ಹಾಳೆಯಲ್ಲಿ ಅಥವಾ ನೀಡಿದ ಕಾಲುಗಳ ಮೇಲೆ ಮಗುವನ್ನು ಮೀಯಿಸುವ ಅಜ್ಜಿ, ಬೆನ್ನಿಗೆ ಎಣ್ಣೆ ಹಚ್ಚಲು ಮಗುವನ್ನು ಕವುಚಿ ಹಾಕುವುದಿಲ್ಲವೇ? ಅದನ್ನೇ ದಿನಕ್ಕೆ ಕೆಲವು ಸಲ ಮಾಡಿದರೆ ಆಯಿತು.

ಮಾಡುವ ಕ್ರಮ

1. ಆರೋಗ್ಯವಂತ ಮಗುವಿಗೆ ಮೊದಲ ದಿನಗಳಿಂದಲೇ ಆರಂಭಿಸಬಹುದು. ತಾಯಿ ಒರಗಿ ಕುಳಿತು ಮಗುವನ್ನು ತನ್ನ ಎದೆಯ ಮೇಲೆ ಕವುಚಿ ಮಲಗಿಸಲಿ. ತಾಯಿಯ ಮುಖ ನೋಡಲು ಮಗು ತಲೆ ಎತ್ತುತ್ತದೆ.

2. ಬಳಿಕ ನೆಲದ ಮೇಲೆ ಚಾಪೆ ಹಾಸಿ, ಅದರ ಮೇಲೆ ಒಗೆದ ಬಟ್ಟೆ ಹರವಿ ಮಲಗಿಸಿರಿ. ಮೆತ್ತನೆಯ ಹಾಸಿಗೆ ಬೇಡ. ಅದರಲ್ಲಿ ಮೂಗು ಹೂತು ಉಸಿರು ಕಟ್ಟಬಹುದು.

3. ಮೊದಲು ಮೂರರಿಂದ ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ ಸಾಕು. ಮಗು ಒಂದೇ ನಿಮಿಷಕ್ಕೆ ಅತ್ತರೆ ಎತ್ತಿಕೊಂಡು ಮತ್ತೊಮ್ಮೆ ಪ್ರಯತ್ನಿಸಿರಿ. ಇನ್ನೂ ಹರಿದಾಡದ ಮಗುವಿಗೆ ದಿನದಲ್ಲಿ ಎಲ್ಲ ಸೇರಿ ಕನಿಷ್ಠ 30 ನಿಮಿಷ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ನೀಡಿದೆ.

4. ಹಾಲು ಕುಡಿದ ಕೂಡಲೇ ಬೇಡ, ಕಕ್ಕುತ್ತದೆ. ಅರ್ಧ ಗಂಟೆ ಕಳೆಯಲಿ.

5. ತಲೆ ಎತ್ತಲು ಕಷ್ಟವಾದರೆ ಸಣ್ಣ ಬೈರಾಸನ್ನು ಸುರುಳಿ ಸುತ್ತಿ ಎದೆಯ ಕೆಳಗಿಡಿರಿ. ಕೈಗಳು ಅದರ ಮುಂದಕ್ಕೆ ಇರಲಿ. ಎದುರಿಗೆ ಕುಳಿತು ಮಾತನಾಡಿಸಿರಿ. ಇದು ತಾಯಿಯೊಬ್ಬಳ ಕೆಲಸವಲ್ಲ, ಅಪ್ಪನೂ ಅಜ್ಜನೂ ಮಾಡಬಹುದು.

6. ದೊಡ್ಡವರು ಒಬ್ಬರು ಸದಾ ಹತ್ತಿರವಿರಲೇಬೇಕು. ಸಣ್ಣ ಮಕ್ಕಳ ಕೈಗೆ ಒಪ್ಪಿಸಿ ತೋಟಕ್ಕೆ ಹೋಗಬಾರದು.

ತೋಟಕ್ಕೆ ಮದ್ದು ಬಿಟ್ಟು ಬಂದವರು ಮೈಲುತುತ್ತು ಅಂಟಿದ ಬಟ್ಟೆಯಲ್ಲೇ ಮಗುವನ್ನು ಎತ್ತಬಾರದು. ಮಿಂದು ಬಟ್ಟೆ ಬದಲಿಸಿದ ಮೇಲೆಯೇ ಎತ್ತಿಕೊಳ್ಳಿರಿ. ಮದ್ದಿನ ಡಬ್ಬ, ಪಂಪು ಇಡುವ ಜಗಲಿಯಲ್ಲಿ ಮಗುವನ್ನು ಮಲಗಿಸಲೂ ಬಾರದು.

ನಿದ್ದೆಗೆ ಅಂಗಾತವೇ ಸರಿ

ಕವುಚಿ ಮಲಗಿಸಿದರೆ ಮಗು ಚೆನ್ನಾಗಿ ನಿದ್ದೆ ಮಾಡುತ್ತದೆ ಎಂದು ಕೆಲವರು ರಾತ್ರಿಯೂ ಹಾಗೆಯೇ ಬಿಡುತ್ತಾರೆ. ಇದು ಅಪಾಯಕಾರಿ. ಅಮೆರಿಕದ ಮಕ್ಕಳ ವೈದ್ಯರು 1992ರಲ್ಲಿ ಹಸುಳೆಗಳನ್ನು ಕವುಚಿ ನಿದ್ದೆ ಮಾಡಿಸಬಾರದೆಂದು ಸಲಹೆಯಿತ್ತರು. 1994ರಲ್ಲಿ ಅಲ್ಲಿ ಇದರ ಪ್ರಚಾರ ಆರಂಭವಾಯಿತು. ಮುಂದಿನ ಕೆಲವು ವರ್ಷಗಳಲ್ಲಿ, ನಿದ್ದೆಯಲ್ಲೇ ಕಾರಣ ತಿಳಿಯದೆ ಸಂಭವಿಸುವ ಹಸುಳೆಗಳ ಸಾವು ಸುಮಾರು ಅರ್ಧಕ್ಕೆ ಇಳಿಯಿತು. ಆದರೆ ಸದಾ ಅಂಗಾತ ಮಲಗಿದ ಮಕ್ಕಳ ಹಿಂದಲೆ ಚಪ್ಪಟೆಯಾಗುವುದೂ ಹೆಚ್ಚಾಗಿ ಕಂಡಿತು. ಆದುದರಿಂದ ನೆನಪಿಡತಕ್ಕದ್ದು ಇಷ್ಟು: ನಿದ್ದೆಗೆ ಅಂಗಾತ, ಎಚ್ಚರದಲ್ಲಿ ಕವುಚಿ. ಕವುಚಿದಲ್ಲೇ ಮಗುವಿಗೆ ನಿದ್ದೆ ಬಂದರೆ ಮೆಲ್ಲನೆ ಮಗುಚಿ ಮಲಗಿಸಿರಿ.

ಯಾವಾಗ ಎಷ್ಟು?

ಎರಡು ತಿಂಗಳಲ್ಲಿ ಕವುಚಿದ ಮಗು ಸ್ವಲ್ಪ ಹೊತ್ತು ತಲೆ ಎತ್ತಿ ಹಿಡಿಯುತ್ತದೆ. ನಾಲ್ಕು ತಿಂಗಳಲ್ಲಿ ಮೊಣಕೈ ಊರಿ ಎದೆ ಎತ್ತುತ್ತದೆ. ಎತ್ತಿಕೊಂಡಾಗ ತಲೆ ವಾಲದೆ ನಿಲ್ಲುತ್ತದೆ. ಆರು ತಿಂಗಳ ಹೊತ್ತಿಗೆ ಕೈ ನೀಡಿ ಮೇಲೇಳುತ್ತದೆ, ಮಗುಚಿಕೊಳ್ಳುತ್ತದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಿನ ಲೆಕ್ಕವನ್ನು ವೈದ್ಯರು ಹೇಳಿದ್ದ ಹೆರಿಗೆಯ ದಿನದಿಂದ ಹಿಡಿಯಬೇಕು. ಕುತ್ತಿಗೆ ನಿಲ್ಲುವ ತನಕ ಎತ್ತುವಾಗಲೆಲ್ಲ ತಲೆಗೆ ಅಂಗೈಯ ಆಸರೆ ಬೇಕು. ಮಗುವನ್ನು ಎಂದೂ ಜೋರಾಗಿ ಅಲುಗಿಸಬಾರದು.

ನಾಲ್ಕು ತಿಂಗಳು ಕಳೆದರೂ ತಲೆ ನಿಲ್ಲದಿದ್ದರೆ, ಮೈ ಬಟ್ಟೆಯಂತೆ ಸಡಿಲವಾಗಿ ಅಥವಾ ಕೋಲಿನಂತೆ ಬಿಗಿಯಾಗಿ ಇದ್ದರೆ, ತಲೆ ಯಾವಾಗಲೂ ಒಂದೇ ಕಡೆಗೆ ವಾಲಿದ್ದರೆ, "ದೊಡ್ಡದಾದಾಗ ಸರಿಯಾದೀತು" ಎಂದು ಸುಮ್ಮನಿರಬಾರದು. ಉಳುಕು ತೆಗೆಯಿಸಲು, ಕುತ್ತಿಗೆ ಎಳೆಸಲು ಹೋಗಲೂಬಾರದು. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಲ್ಲಿ ಚುಚ್ಚುಮದ್ದಿಗೆ ಆರೋಗ್ಯ ಕೇಂದ್ರಕ್ಕೆ ಹೋಗುವಾಗಲೇ ಕುತ್ತಿಗೆಯನ್ನೂ ತೋರಿಸಿ ಕೇಳಿರಿ. ಎರಡು ವರ್ಷದೊಳಗಿನ ಮಕ್ಕಳ ಬೆಳವಣಿಗೆ ಹಿಂದುಳಿದಿದೆಯೇ ಎಂದು ಬೇಗನೆ ನೋಡಲು 1991ರಲ್ಲಿ ಪ್ರಕಟವಾದ, 17 ಅಂಶಗಳ ತಿರುವನಂತಪುರ ಪಟ್ಟಿಯಲ್ಲಿಯೂ ತಲೆ ನಿಲ್ಲುವುದು ಒಂದು ಅಂಶ. ತೊಂದರೆ ಇದ್ದರೂ ಬೇಗ ತಿಳಿದಷ್ಟು ವ್ಯಾಯಾಮ ಚಿಕಿತ್ಸೆಯಿಂದ ಹೆಚ್ಚು ಪ್ರಯೋಜನವಿದೆ.

ಎಳೆಯ ಅಡಿಕೆ ಸಸಿಯನ್ನು ನಾವು ದಿನಾ ನೋಡುತ್ತೇವೆ. ಎಲೆ ಬಾಡಿದರೆ ಅಂದೇ ಕಾರಣ ಹುಡುಕುತ್ತೇವೆ. ಮನೆಯ ಹಸುಳೆಯನ್ನೂ ಅಷ್ಟೇ ಗಮನವಿಟ್ಟು ನೋಡೋಣ. ಇದಕ್ಕೆ ಹಣ ಬೇಡ, ಯಂತ್ರ ಬೇಡ. ಒಂದು ಚಾಪೆ ಮತ್ತು ದಿನದ ಅರ್ಧ ಗಂಟೆ ಸಾಕು.