ಬಿಡುವಿನ ಒಂದು ನಿಮಿಷ

ಟೇಕ್ವಾಂಡೋದಲ್ಲಿ ಒಂದು ಸುತ್ತು ಎರಡು ನಿಮಿಷ, ಸುತ್ತುಗಳ ನಡುವೆ ಒಂದು ನಿಮಿಷ ಬಿಡುವು. ಹುಬ್ಬಳ್ಳಿಯ ನಮ್ಮ ಕ್ಲಾಸಿನಲ್ಲಿ ಮಕ್ಕಳ ಎದೆಗೆ ಬಡಿತ ಅಳೆಯುವ ಪಟ್ಟಿ ಕಟ್ಟಿಸತೊಡಗಿದಾಗಿನಿಂದ ನನಗೆ ಹೆಚ್ಚು ಕಲಿಸಿದ್ದು ಆ ಬಿಡುವಿನ ನಿಮಿಷವೇ.

ಮೊದಲು ಬಂದದ್ದು ಸ್ಮಾರ್ಟ್‌ವಾಚ್. ಅದು ಹಸಿರು ಬೆಳಕು ಬಿಟ್ಟು, ಚರ್ಮದಡಿಯ ರಕ್ತದ ಏರಿಳಿತ ನೋಡಿ ಬಡಿತ ಎಣಿಸುತ್ತದೆ. ಓಟಕ್ಕೆ ಸಾಕು. ಮುಷ್ಟಿ ಬಿಗಿದು, ಮುಂಗೈಯಲ್ಲಿ ಒದೆ ತಡೆಯತೊಡಗಿದರೆ ಅದರ ಲೆಕ್ಕ ದಿಕ್ಕು ತಪ್ಪುತ್ತದೆ. ಎದುರಿನವರ ಪಾದಕ್ಕೆ ಗಾಜು ತಾಗುವ ಭಯ ಬೇರೆ. ಹಾಗಾಗಿ ಸ್ಪಾರಿಂಗ್‌ಗೆ ಇಳಿಯುವಾಗ ವಾಚು ಬ್ಯಾಗಿಗೆ ಹೋಗಬೇಕು.

ಎದೆಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುವುದರಿಂದ ಅದನ್ನು ಹೆಚ್ಚು ನಂಬಬಹುದು. ಕಟ್ಟುವ ಮೊದಲು ಒಳಬದಿಗೆ ನೀರು ಸವರಬೇಕು. ಬೆವರಿದ ಮೇಲೆ ಹೊಟ್ಟೆಗೆ ಜಾರದಂತೆ ನೋಡಿಕೊಳ್ಳಬೇಕು. ಮೇಲೆ ಚೆಸ್ಟ್ ಗಾರ್ಡ್ ಇಲ್ಲದೆ ಒದೆಯ ಅಭ್ಯಾಸಕ್ಕೆ ಬಿಡುವುದಿಲ್ಲ, ಆ ಗಟ್ಟಿ ಸೆನ್ಸರ್ ಪಕ್ಕೆಲುಬಿಗೆ ಒತ್ತುತ್ತದೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸೆನ್ಸರ್ ಇರುವ ಚೆಸ್ಟ್ ಗಾರ್ಡ್‌ಗಳೇ ಅಂಕ ಎಣಿಸಿದವು. ಆದರೆ ಅವು ಹೇಳುವುದು ಒದೆ ಬಿತ್ತೇ ಎಂದಷ್ಟೆ. ಒದ್ದವರ ದಣಿವಿನ ಸುದ್ದಿ ಅವಕ್ಕೆ ಬೇಡ.

ದಣಿವು ಕಾಣುವುದು ಬಿಡುವಿನಲ್ಲಿ. ಒದೆ ಕ್ಷಣದಲ್ಲಿ ಮುಗಿಯುತ್ತದೆ, ಬಡಿತ ಏರುವುದು ಆಮೇಲೆ. ಎಷ್ಟು ಏರಿತು ಎನ್ನುವುದಕ್ಕಿಂತ ಎಷ್ಟು ಬೇಗ ಇಳಿಯಿತು ಎನ್ನುವುದನ್ನೇ ಈಗ ಬರೆದಿಡುತ್ತೇನೆ. ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳದು 190 ಮುಟ್ಟಿದರೂ ಒಂದು ನಿಮಿಷದಲ್ಲಿ 150ರ ಹತ್ತಿರ ಬಂದುಬಿಡುತ್ತಿತ್ತು. ಒಂದು ಸಂಜೆ 175 ದಾಟಲಿಲ್ಲ, ಆದರೆ ಬಿಡುವು ಮುಗಿದರೂ 165ರಲ್ಲೇ ನಿಂತಿತ್ತು. ಒದೆಗಳೇನೋ ಚುರುಕಾಗಿಯೇ ಇದ್ದವು.

"ಯಾಕವ್ವಾ, ರಾತ್ರಿ ನಿದ್ದಿ ಆಗಿಲ್ಲೇನು?"

"ಪ್ರಿಪರೇಟರಿ ಪರೀಕ್ಷಾ ನಡದಾವ್ರಿ ಸರ್, ಓದಕೋತ ಕುಂತಿದ್ದೆ."

ಅವತ್ತು ಸ್ಪಾರಿಂಗ್ ಬಿಡಿಸಿ, ಹಗುರವಾಗಿ ಸ್ಟ್ರೆಚಿಂಗ್ ಮಾಡಿಸಿ ಮನೆಗೆ ಕಳಿಸಿದೆ.

ಪಟ್ಟಿಯ ಅಂಕಿ ತೋರಿಸುವ ಫೋನ್ ನೋಡುವ ಮೊದಲು ಎಲ್ಲರನ್ನೂ ಒಂದು ಪ್ರಶ್ನೆ ಕೇಳುತ್ತೇನೆ: ಹತ್ತರಲ್ಲಿ ಎಷ್ಟು ಕಷ್ಟ ಆಯ್ತು? ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ ದಣಿವಿನ ಅಳತೆಯಿಂದ ಬೆಳೆದ ಪದ್ಧತಿ ಇದು, ಪೈಸೆ ಖರ್ಚಿಲ್ಲ. ಮಗು "ನಾಕು" ಅಂದು ಪಟ್ಟಿ ಬೇರೆಯೇ ಹೇಳಿದರೆ, ಪಟ್ಟಿ ಜಾರಿದೆಯೋ, ಮಗು ಜಂಬ ಕೊಚ್ಚುತ್ತಿದೆಯೋ ನೋಡಬೇಕು.

ಆ್ಯಪ್‌ನ ಕೆಂಪು ಬಣ್ಣ ಕಂಡು ಗಾಬರಿಬಿದ್ದು ಫೋನ್ ಮಾಡುವ ಅಪ್ಪಂದಿರೂ ಇದ್ದಾರೆ. ಗರಿಷ್ಠ ಬಡಿತ ಅಂದಾಜಿಸಲು 220ರಿಂದ ವಯಸ್ಸು ಕಳೆಯುವ ಸೂತ್ರ ಬರೀ ಸರಾಸರಿ, ಒಬ್ಬೊಬ್ಬರಿಗೆ ಹತ್ತು–ಹನ್ನೆರಡು ಬಡಿತ ಆಚೀಚೆ ಆಗುತ್ತದೆ. ತಲೆಸುತ್ತು, ಎದೆನೋವು ಅಂದರೆ ಮಾತ್ರ ಅಂಕಿ ಏನೇ ಇರಲಿ, ಡಾಕ್ಟರ ಹತ್ತಿರ ಕಳಿಸುತ್ತೇನೆ. ಎಲ್ಲರ ಬಡಿತವನ್ನೂ ಗೋಡೆಯ ಟಿವಿಯಲ್ಲಿ ತೋರಿಸಿ ಎಂಬ ಸಲಹೆಗೆ ನಾನು ಒಪ್ಪಿಲ್ಲ, ಮಕ್ಕಳು ಅದನ್ನೂ ಪಂದ್ಯ ಮಾಡಿಕೊಳ್ಳುತ್ತಾರೆ.