ರಶ್ ಹೊತ್ತಿನಲ್ಲಿ ಅಡಿಗೆಮನೆಗೆ ಒಂದೇ ಬಾಯಿ



ನಾನು ಓದಿದ್ದು ಹತ್ತನೇ ಕ್ಲಾಸಿನವರೆಗೆ ಮಾತ್ರ. ಅದೂ ಮುಂಬಯಿಯ ರಾತ್ರಿಶಾಲೆಯಲ್ಲಿ, ಹಗಲು ಹೊತ್ತು ಗ್ಲಾಸು ತೊಳೆದು. ಮ್ಯಾನೇಜ್‌ಮೆಂಟ್ ಶಾಸ್ತ್ರ ಹೇಳುವ ಯೋಗ್ಯತೆ ನನಗಿಲ್ಲ. ಆದರೆ ಮಧ್ಯಾಹ್ನ ಒಂದರಿಂದ ಎರಡೂವರೆಯ ತನಕ ನಮ್ಮ ಹೋಟೆಲುಗಳಲ್ಲಿ ಏನು ನಡೆಯುತ್ತದೆ ಎಂಬುದನ್ನು ಮೂವತ್ತೈದು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಆ ಒಂದೂವರೆ ಗಂಟೆಯಲ್ಲಿ ನಾನು ಮಾಡಿದ ಒಂದು ತಪ್ಪನ್ನೂ, ಅದರಿಂದ ಕಲಿತದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

2014ರ ಮಳೆಗಾಲ. ಅಂಧೇರಿಯ ನಮ್ಮ ಹೋಟೆಲಿನಲ್ಲಿ ಅರವತ್ತು ಸೀಟು, ಹೊರಗೆ ಕೊಡೆ ಹಿಡಿದು ಕಾಯುವವರು ಇಪ್ಪತ್ತು ಮಂದಿ. ಅಂದು ಇಬ್ಬರು ಸಪ್ಲೈಯರ್ ರಜೆ. ಕ್ಯಾಪ್ಟನ್ ಒಂದು ಹೇಳುತ್ತಿದ್ದ, ಒಳಗಿನಿಂದ ಮೇಸ್ತ್ರಿ ಇನ್ನೊಂದು ಹೇಳುತ್ತಿದ್ದ, ಗಲ್ಲೆಯಲ್ಲಿ ಕುಳಿತ ನಾನು ಮೂರನೆಯದನ್ನು ಕೂಗುತ್ತಿದ್ದೆ. "ಐದು ನಂಬರಿಗೆ ಸಾಂಬಾರ್ ಎಲ್ಲಿ? ಓಡು, ಬೇಗ ತಾ" ಎಂದು ನಾನು ಕೂಗಿದ್ದಕ್ಕೆ ಹತ್ತೊಂಬತ್ತು ವರ್ಷದ ಹುಡುಗ ಸಾಂಬಾರಿನ ಬಕೆಟ್ ಹಿಡಿದು ಓಡಿ ಬಂದ. ಅದೇ ಬಾಗಿಲಿನಿಂದ ಇನ್ನೊಬ್ಬ ಖಾಲಿ ತಟ್ಟೆಗಳ ರಾಶಿ ಹೊತ್ತು ಒಳಗೆ ಹೋಗುತ್ತಿದ್ದ. ನೆಲ ಒದ್ದೆ. ಡಿಕ್ಕಿಯಾಯಿತು. ಕುದಿಯುವ ಸಾಂಬಾರ್ ಹುಡುಗನ ಮೊಣಕೈಯಿಂದ ಬೆರಳಿನ ತನಕ ಬಿತ್ತು.

ಗಾಬರಿಯಲ್ಲಿ ನಾನೇ ಟೂತ್‌ಪೇಸ್ಟ್ ತರಿಸಿ ಹಚ್ಚಿದೆ. ಡಾಕ್ಟರು ಅದನ್ನು ನೋಡಿ ನನಗೆ ಚೆನ್ನಾಗಿ ಬೈದರು. ಅವರು ಹೇಳಿದ್ದನ್ನು ನೀವೂ ನಿಮ್ಮ ಅಡಿಗೆಮನೆಯ ಗೋಡೆಗೆ ಬರೆದು ಅಂಟಿಸಿರಿ. ಸುಟ್ಟ ಕೂಡಲೇ ಉಂಗುರ, ಬಳೆ, ದಾರ ತೆಗೆದು, ಹರಿಯುವ ನಲ್ಲಿ ನೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕು. ಐಸ್ ಬೇಡ, ಅರಸಿನ ಬೇಡ, ಎಣ್ಣೆ ಬೇಡ, ಪೇಸ್ಟ್ ಅಂತೂ ಬೇಡವೇ ಬೇಡ. ಗುಳ್ಳೆ ಒಡೆಯಬಾರದು. ಸ್ವಚ್ಛವಾದ ಬಟ್ಟೆಯನ್ನೋ ತೆಳು ಪ್ಲಾಸ್ಟಿಕ್ ಹಾಳೆಯನ್ನೋ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಒಯ್ಯಬೇಕು. ಇಪ್ಪತ್ತು ನಿಮಿಷ ಎಂದರೆ ಗಡಿಯಾರ ನೋಡಿ ಇಪ್ಪತ್ತು ನಿಮಿಷ.

ಹುಡುಗ ಎರಡು ತಿಂಗಳು ಊರಲ್ಲಿದ್ದ. ನೋಡಲು ಬಂದ ಅವನ ತಂದೆ ನನ್ನನ್ನು ಏನೂ ಅನ್ನಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು. ಆ ರಾತ್ರಿ ಯೋಚಿಸಿದೆ. ತಪ್ಪು ಹುಡುಗರದಲ್ಲ, ನೆಲದ್ದೂ ಅಲ್ಲ. ಮೂರು ಬಾಯಿಗಳು ಒಂದೇ ಸಲ ಆಜ್ಞೆ ಮಾಡುತ್ತಿದ್ದವು. ಅವುಗಳಲ್ಲಿ ದೊಡ್ಡ ಬಾಯಿ ನನ್ನದು.

ಮೊದಲು ಹೀಗಿರಲಿಲ್ಲವಲ್ಲ ಎಂದು ಹಿರಿಯರು ಕೇಳಬಹುದು. ನಿಜ. ನಾನು ಬಂದ ಕಾಲದಲ್ಲಿ ಹೋಟೆಲಿನ ಎಲ್ಲ ಹುಡುಗರೂ ಕುಂದಾಪುರ, ಕಾರ್ಕಳ, ಕಾಪು ಕಡೆಯವರು. ಒಬ್ಬನ ಅಣ್ಣ ಇನ್ನೊಬ್ಬನ ಭಾವ. ಬಂಟಿಯಲ್ಲಿ ಬಡಿಸಿ ಅಭ್ಯಾಸವಾದವರು. ಊರ ಮದುವೆಯ ಊಟ ನೆನಪು ಮಾಡಿಕೊಳ್ಳಿ. ಉಪ್ಪು ಹಾಕುವವನ ಹಿಂದೆ ಉಪ್ಪಿನಕಾಯಿ, ಅವನ ಹಿಂದೆ ಕೋಸಂಬರಿ, ಅವನ ಹಿಂದೆ ಪಲ್ಯ. ಒಬ್ಬನ ಕೈಯಲ್ಲಿ ಒಂದೇ ಪಾತ್ರೆ, ಎಲ್ಲರೂ ಒಂದೇ ದಿಕ್ಕಿಗೆ. ಐನೂರು ಎಲೆಗೆ ಬಡಿಸಿದರೂ ಡಿಕ್ಕಿ ಇಲ್ಲ. ಯಾರೂ ಕೂಗುವುದಿಲ್ಲ, ಕೊನೆಯಲ್ಲಿ ಬಡಿಸುವ ಯಜಮಾನ ಒಬ್ಬ ನಿಂತು ನೋಡುತ್ತಿರುತ್ತಾನೆ, ಅಷ್ಟೆ. ಈ ಶಿಸ್ತನ್ನು ನಾವು ಯಾರಿಗೂ ಕಲಿಸಬೇಕಾಗಿರಲಿಲ್ಲ. ಈಗ ನಮ್ಮಲ್ಲಿ ಝಾರ್ಖಂಡಿನವರು, ಬಂಗಾಳದವರು, ನೇಪಾಳದವರು. ದೋಸೆ ಭಟ್ರು ಮಾತ್ರ ಊರಿನವರು. ಒಳ್ಳೆಯ ಹುಡುಗರೇ, ಆದರೆ ಒಬ್ಬನಿಗೆ ಇನ್ನೊಬ್ಬನ ಗುರುತಿಲ್ಲ. ಆದ್ದರಿಂದ ಹೊಂದಾಣಿಕೆ ಎನ್ನುವುದು ತಾನಾಗಿ ಬರುವುದಿಲ್ಲ, ನಾವು ಕಟ್ಟಬೇಕು.

ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಿದ್ದ ನನ್ನ ಮಗ ಆಗ ಒಂದು ವಿಷಯ ಹೇಳಿದ. ಫ್ರಾನ್ಸಿನ ಎಸ್ಕಾಫಿಯೆ ಎಂಬ ಬಾಣಸಿಗರು 1870ರ ಯುದ್ಧದಲ್ಲಿ ಸೈನ್ಯಕ್ಕೆ ಅಡಿಗೆ ಮಾಡಿದವರು. 1890ರಲ್ಲಿ ಲಂಡನ್ನಿನ ಸವಾಯ್ ಹೋಟೆಲಿಗೆ ಬಂದು ಅಲ್ಲಿನ ಅಡಿಗೆಮನೆಯನ್ನು ಸೈನ್ಯದ ತುಕಡಿಯಂತೆ ವಿಂಗಡಿಸಿದರು. ಹುರಿಯುವವನು ಹುರಿಯುತ್ತಾನೆ, ಸಾರು ಮಾಡುವವನು ಸಾರು. ಹೊರಗಿನಿಂದ ಬಂದ ಆರ್ಡರನ್ನು ಕೂಗಿ ಹೇಳಲಿಕ್ಕೆಂದೇ ಅಲ್ಲಿ ಒಬ್ಬ ಆಳು. ಉಳಿದವರ ಗದ್ದಲಕ್ಕೆ ಅವಕಾಶವಿಲ್ಲ. ಕೇಳಿ ನನಗೆ ನಗು ಬಂತು. ನಮ್ಮ ಬಡಿಸುವ ಯಜಮಾನನೇ ಅವನು!

ಹಾಗೆ ನಮ್ಮಲ್ಲಿಯೂ ಒಬ್ಬನನ್ನು ಪಾಸಿನಲ್ಲಿ, ಅಂದರೆ ಅಡಿಗೆಮನೆಯಿಂದ ತಟ್ಟೆ ಹೊರಗೆ ಬರುವ ಕಟ್ಟೆಯ ಬಳಿ, ನಿಲ್ಲಿಸಿದೆ. ಚೀಟಿಗಳೆಲ್ಲ ಅವನ ಕೈಗೆ. ಹನ್ನೆರಡೂ ಮುಕ್ಕಾಲರಿಂದ ಎರಡೂವರೆಯ ತನಕ ಅಡಿಗೆಮನೆಯೊಡನೆ ಮಾತನಾಡುವವನು ಅವನೊಬ್ಬನೇ. ಸಪ್ಲೈಯರಿಗೆ ಏನೇ ಬೇಕಾದರೂ ಅವನಿಗೆ ಹೇಳಬೇಕು, ನಾನೂ ಅವನಿಗೇ ಹೇಳಬೇಕು. ಒಳಗಿನವರು ಕೇಳಿದ್ದನ್ನು ಹಾಗೆಯೇ ತಿರುಗಿ ಹೇಳಬೇಕು. "ಎರಡು ಮಸಾಲೆ, ಮೂರು ಸಾದಾ" ಎಂದರೆ ಭಟ್ರು "ಎರಡು ಮಸಾಲೆ, ಮೂರು ಸಾದಾ" ಎನ್ನಬೇಕು. ಸುಮ್ಮನೆ "ಹಾಂ" ಎಂದರೆ ನಡೆಯುವುದಿಲ್ಲ. ಎಷ್ಟೋ ತಪ್ಪು ಆರ್ಡರು ಹುಟ್ಟುವುದು ಈ "ಹಾಂ" ಎಂಬುದರಲ್ಲಿ.

ಇನ್ನೊಂದು ಲಾಭ ನಾನು ಎಣಿಸಿಯೇ ಇರಲಿಲ್ಲ. ನಮ್ಮ ಕಾವಲಿಯಲ್ಲಿ ಒಮ್ಮೆಗೆ ಆರು ದೋಸೆ. ಉತ್ತಪ್ಪಕ್ಕೆ ಕಡಿಮೆ ಉರಿ, ಹೆಚ್ಚು ಹೊತ್ತು. ಪೇಪರ್ ದೋಸೆಗೆ ಕಾವು ಬೇರೆ. ಮೊದಲು ಚೀಟಿ ಬಂದ ಹಾಗೆ ದೋಸೆ, ಉತ್ತಪ್ಪ, ಮತ್ತೆ ದೋಸೆ ಎಂದು ಹುಯ್ಯುವಾಗ ಭಟ್ರು ಉರಿ ಏರಿಸಿ ಇಳಿಸಿ ಸುಸ್ತಾಗುತ್ತಿದ್ದರು. ಈಗ ಪಾಸಿನವನು ಚೀಟಿಗಳನ್ನು ಒಟ್ಟುಗೂಡಿಸಿ ಆರಾರು ಮಾಡಿ ಹೇಳುತ್ತಾನೆ. ಭಟ್ರ ಸಿಟ್ಟು ಅರ್ಧ ಇಳಿದದ್ದು ಇದರಿಂದ, ನನ್ನ ಉಪದೇಶದಿಂದಲ್ಲ.

ಬಾಗಿಲಿನ ಎಡಕ್ಕೆ ಒಳಗೆ, ಬಲಕ್ಕೆ ಹೊರಗೆ ಎಂದು ನೆಲಕ್ಕೆ ಬಣ್ಣ ಬಳಿಸಿದೆ. ಬಿಸಿ ಹಿಡಿದವನು "ಗರಂ" ಎನ್ನಬೇಕು, ಒಬ್ಬನ ಬೆನ್ನಿನ ಹಿಂದೆ ಹೋಗುವವನು "ಪೀಛೆ" ಎನ್ನಬೇಕು. ಭಾಷೆ ಯಾವುದಾದರೂ ಇರಲಿ, ಈ ಎರಡು ಶಬ್ದ ಎಲ್ಲರಿಗೂ ಒಂದೇ. ಓಡುವುದು ಬಂದ್. ಸ್ವಿಗ್ಗಿ, ಝೊಮ್ಯಾಟೊ ಪಾರ್ಸೆಲಿಗೆ ಬೇರೆ ಮೇಜು, ಬೇರೆ ಹುಡುಗ. ಡೆಲಿವರಿಯವರು ಪಾಸಿನ ಹತ್ತಿರ ಬರಕೂಡದು.

ಊಟದ ವಿಷಯ ಸಣ್ಣದೆಂದು ಕಾಣಬಹುದು. ನಮ್ಮಲ್ಲಿ ಕೆಲಸಗಾರರ ಊಟ ಮೂರು ಗಂಟೆಗೆ ಎಂದು ಹಿಂದಿನಿಂದ ಬಂದ ಪದ್ಧತಿ. ಬೆಳಿಗ್ಗೆ ಆರಕ್ಕೆ ಚಹಾ ಕುಡಿದ ಹುಡುಗ ಎರಡು ಗಂಟೆಗೆ ಸಿಡುಕದೆ ಇನ್ನೇನು ಮಾಡುತ್ತಾನೆ? ಈಗ ಹನ್ನೊಂದೂವರೆಗೆ ಎಲ್ಲರಿಗೂ ಊಟ, ಅನಂತರ ಐದು ನಿಮಿಷ ನಿಂತು ಮಾತು. ಇಂದು ಯಾರು ರಜೆ, ಅವನ ಜಾಗಕ್ಕೆ ಯಾರು, ಯಾವ ಪದಾರ್ಥ ಕಡಿಮೆ ಇದೆ. ಅಷ್ಟೆ, ಭಾಷಣವಿಲ್ಲ. ಬೈಯುವುದಿದ್ದರೆ ಮೂರೂವರೆಯ ನಂತರ, ಒಬ್ಬನನ್ನೇ ಕರೆದು.

ಒಬ್ಬನ ಕೆಲಸ ಇನ್ನೊಬ್ಬನಿಗೆ ಗೊತ್ತಿರಬೇಕು ಎಂಬುದನ್ನು ನಾನು ಕಲಿತದ್ದು ಇನ್ನೂ ಮೊದಲು, 2005ರ ಜುಲೈ 26ರಂದು. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ರೈಲು ನಿಂತಿತು, ನಮ್ಮ ರಸ್ತೆಯಲ್ಲಿ ಸೊಂಟದವರೆಗೆ ನೀರು. ಎರಡನೇ ಪಾಳಿಯವರು ಬರಲಿಲ್ಲ, ನೂರಕ್ಕೂ ಹೆಚ್ಚು ಜನ ಒಳಗೆ ಬಂದು ನಿಂತರು. ಅಂದು ಮೇಜು ಒರೆಸುವ ಹುಡುಗನೇ ಬೆಳಗಿನ ತನಕ ಚಹಾ ಮಾಡಿದ, ಟೀ ಮಾಸ್ಟರನ ಬಳಿ ನಿಂತು ನೋಡಿ ಕಲಿತಿದ್ದನಂತೆ. ಮೋಂಬತ್ತಿ ಬೆಳಕಿನಲ್ಲಿ ಎಲ್ಲರಿಗೂ ಉಪ್ಪಿಟ್ಟು ಕೊಟ್ಟೆವು. ಅಂದಿನಿಂದ ವಾರದಲ್ಲಿ ಒಂದು ದಿನ, ಸಂಜೆಯ ಬಿಡುವಿನಲ್ಲಿ, ಪ್ರತಿಯೊಬ್ಬನೂ ಪಕ್ಕದವನ ಕೆಲಸ ಮಾಡುತ್ತಾನೆ. ಮೇಸ್ತ್ರಿಗಳಿಗೆ ಇದು ಇಷ್ಟವಾಗುವುದಿಲ್ಲ, ತಮ್ಮ ವಿದ್ಯೆ ಹೋಯಿತೆಂಬ ಭಯ. ಕಲಿಸಿದವನಿಗೆ ದೀಪಾವಳಿ ಬೋನಸಿನಲ್ಲಿ ಸ್ವಲ್ಪ ಹೆಚ್ಚು ಕೊಟ್ಟರೆ ಆ ಭಯ ಕಡಿಮೆಯಾಗುತ್ತದೆ.

ಸಾಂಬಾರ್ ಬಿದ್ದ ಹುಡುಗ ಗುಣವಾಗಿ ತಿರುಗಿ ಬಂದ. ಕೈಯಲ್ಲಿ ಕಲೆ ಇದೆ. ಈಗ ಪಾಸಿನಲ್ಲಿ ನಿಲ್ಲುವವನು ಅವನೇ. ಮೊನ್ನೆ ರಶ್ಶಿನಲ್ಲಿ ಹಳೆಯ ಅಭ್ಯಾಸದಿಂದ ನಾನು ಗಲ್ಲೆಯಿಂದ ಕೂಗಿದಾಗ ನನ್ನ ಕಡೆ ಕೈ ಎತ್ತಿ ತೋರಿಸಿದ, ಸುಮ್ಮನಿರಿ ಎಂದು. ಗಿರಾಕಿಗಳು ನೋಡುತ್ತಿದ್ದರು. ಸುಮ್ಮನಾದೆ.

ಒಂದು ವಿಷಯ ಮಾತ್ರ ನನಗೆ ಇನ್ನೂ ಬಗೆಹರಿದಿಲ್ಲ. ಟಿಪ್ಸ್. ಒಳಗೆ ಬೆಂಕಿಯ ಮುಂದೆ ನಿಂತವನಿಗೆ ಟಿಪ್ಸ್ ಇಲ್ಲ, ಹೊರಗಿನವನಿಗೆ ಇದೆ. ಒಂದೇ ಡಬ್ಬಿಯಲ್ಲಿ ಹಾಕಿ ಹಂಚಲು ನೋಡಿದೆ, ಚುರುಕಿನ ಇಬ್ಬರು ಸಪ್ಲೈಯರ್ ಬಿಟ್ಟು ಹೋದರು. ಹಂಚದಿದ್ದರೆ ಅಡಿಗೆಯವರ ಮುಖ ಬಾಡುತ್ತದೆ. ನಿಮ್ಮಲ್ಲಿ ಯಾರಾದರೂ ಇದಕ್ಕೊಂದು ದಾರಿ ಕಂಡುಕೊಂಡಿದ್ದರೆ ದಯಮಾಡಿ ಮುಂದಿನ ಸಂಚಿಕೆಗೆ ಬರೆಯಿರಿ.